ಹೊಲದಲ್ಲಿ ಹಾವು ಕಚ್ಚಿದಾಗ ಕಂಗೆಡದೆ ಮಾಡಬೇಕಾದ್ದೇನು?

(ಹೊಸಹೊಳಲಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ನೀರು ಹರಿದ ಕಡೆಯಲ್ಲೆಲ್ಲ ಕಬ್ಬು, ಭತ್ತ ಬಂದವು. ಕಬ್ಬು ಭತ್ತ ಇದ್ದಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹೊಸಹೊಳಲಿನ ಬಯಲಾಗಲಿ, ನಾಗಮಂಗಲದ ರಾಗಿ ಹೊಲವಾಗಲಿ, ಇದಕ್ಕೆ ಹೊರತಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಮೃತಪಟ್ಟರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಸರಾಸರಿ ವರ್ಷಕ್ಕೆ 58,000 ಆಯಿತು. ಇದರಲ್ಲಿ ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಉಳುಮೆ, ನಾಟಿ, ಕಳೆ ತೆಗೆಯುವ ಕಾಲದಲ್ಲೇ ಆಗುತ್ತದೆ. ಇದನ್ನು ಮನಗಂಡು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಸಾರಿತು. ಆಸ್ಪತ್ರೆಗಳು ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕು.

ಕಬ್ಬು ಕಡಿಯುವಾಗ ತರಗಿನ ಅಡಿಯಿಂದ ಹಾವು ಬಂದು ಕೂಲಿಯ ಹೆಣ್ಣುಮಗಳೊಬ್ಬಳ ಪಾದಕ್ಕೆ ಕಚ್ಚಿತೆಂದು ಇಟ್ಟುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಆಕೆ ಕಿರುಚಿ ಓಡುತ್ತಾಳೆ. ಇಬ್ಬರು ಹಾವನ್ನು ಹೊಡೆಯಲು ಹೋಗುತ್ತಾರೆ. ಮತ್ತೊಬ್ಬರು ಹಗ್ಗ ತಂದು ಮೊಣಕಾಲಿನ ಮೇಲೆ ಬಿಗಿಯುತ್ತಾರೆ. ಮಂತ್ರ ಹಾಕುವವರ ಮನೆಗೆ ಇನ್ನೊಬ್ಬರು ಓಡುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡುವುದು. ಆದರೆ ಈ ನಾಲ್ಕೂ ಕೆಲಸ ಆಕೆಗೆ ಕೇಡು.

ಓಡಬಾರದೇಕೆ? ವಿಷವು ಹೆಚ್ಚಾಗಿ ದುಗ್ಧನಾಳಗಳ ಮೂಲಕ ಮೈಗೆ ಏರುತ್ತದೆ. ಸ್ನಾಯುಗಳು ಆಡಿದಷ್ಟೂ ಅದು ಪಂಪಿನಂತೆ ಮೇಲಕ್ಕೆ ತಳ್ಳಲ್ಪಡುತ್ತದೆ. ಆದ್ದರಿಂದ ಆಕೆಯನ್ನು ಅಲ್ಲೇ ಕೂಡಿಸಿ ಅಥವಾ ಮಲಗಿಸಿ, ಕಾಲು ಅಲುಗದಂತೆ ನೋಡಿಕೊಳ್ಳಬೇಕು. ಕಬ್ಬಿನ ಜಲ್ಲೆಯನ್ನೋ ಬಿದಿರಿನ ದಬ್ಬೆಯನ್ನೋ ಕಾಲಿನ ಪಕ್ಕಕ್ಕಿಟ್ಟು, ಮೂಳೆ ಮುರಿದಾಗ ಕಟ್ಟುವಂತೆ ಟವೆಲಿನಿಂದ ಸಡಿಲವಾಗಿ ಕಟ್ಟಿದರೆ ಸಾಕು. ಬಾವು ಏರುವ ಮೊದಲೇ ಕಾಲುಂಗುರ, ಕಾಲ್ಚೈನು ತೆಗೆಯಬೇಕು. ಕೈಗೆ ಕಚ್ಚಿದ್ದರೆ ಬಳೆ, ಉಂಗುರ.

ಬಿಗಿದು ಕಟ್ಟುವುದು ತಲೆತಲಾಂತರದಿಂದ ಬಂದ ರೂಢಿ, ಬಿಡುವುದು ಸುಲಭವಲ್ಲ. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅದರ ಮೇಲೆ ರಕ್ತ ಸಂಚಾರವನ್ನೂ ತಡೆದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಕೂಡದು; ತಡೆದ ವಿಷ ಒಮ್ಮೆಲೇ ನುಗ್ಗುವ ಭಯವಿದೆ. ಅದನ್ನು ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಬಿಚ್ಚಬೇಕು. ಗಾಯವನ್ನು ಕುಯ್ಯುವುದು, ಬಾಯಿಂದ ಹೀರುವುದು, ಸೊಪ್ಪಿನ ರಸ ಹಚ್ಚುವುದು ಯಾವುದೂ ಬೇಡ.

ಹಾವನ್ನು ಹಿಡಿದು ತರಬೇಕಾದ ಅಗತ್ಯವೂ ಇಲ್ಲ. ನಮ್ಮ ದೇಶದಲ್ಲಿ ದೊರೆಯುವ ವಿಷನಿರೋಧಕ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ತಮಿಳುನಾಡಿನಲ್ಲಿ ಇರುಳರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಹಾವುಗಳಿಂದ ವಿಷ ತೆಗೆದು ಒದಗಿಸುತ್ತ ಬಂದಿದೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಕೊಟ್ಟು, ಕುದುರೆಯ ರಕ್ತದಿಂದ ಮದ್ದು ತಯಾರಾಗುತ್ತದೆ. ಕಚ್ಚಿದ್ದು ಯಾವುದೆಂದು ಗೊತ್ತಾಗದಿದ್ದರೂ ವೈದ್ಯರು ಒಂದು ಒಣಗಿದ ಗಾಜಿನ ಕೊಳವೆಯಲ್ಲಿ ರಕ್ತ ಇಟ್ಟು, 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಗಟ್ಟಿಯಾಗದಿದ್ದರೆ ಮಂಡಲದ ವಿಷವೆಂದು ತರ್ಕಿಸಬಹುದು.

ಮಂತ್ರದಿಂದ ಬದುಕಿದವರಿದ್ದಾರಲ್ಲ ಎಂದು ಹಿರಿಯರು ಕೇಳುವುದುಂಟು. ಬದುಕಿದವರು ನಿಜ. ಕೇರೆಹಾವು, ನೀರುಹಾವು ಕಚ್ಚಿದವರು ಯಾವ ಮಂತ್ರವಿಲ್ಲದೆಯೂ ಬದುಕುತ್ತಾರೆ. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ರೋಗಿಗೆ ಧೈರ್ಯ ಹೇಳುವಾಗ ಈ ಮಾತನ್ನೇ ಹೇಳಬಹುದು. ಆದರೆ ಆಸ್ಪತ್ರೆಗೆ ಹೋಗದಿರಲು ಇದು ನೆಪವಾಗಬಾರದು.

ಕಟ್ಟುಹಾವಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕಣ ಕಾಯಲು ನೆಲದ ಮೇಲೆ ಮಲಗಿದವರನ್ನು ಇದು ರಾತ್ರಿ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಅಜೀರ್ಣವೆಂದು ಸೋಡಾ ಕುಡಿಸಿ ಕೂರದೆ ಕೂಡಲೇ ಹೊರಡಬೇಕು. ಉಸಿರು ನಿಲ್ಲುತ್ತ ಬಂದರೆ ಆಸ್ಪತ್ರೆ ಸೇರುವವರೆಗೆ ಬಾಯಿಂದ ಬಾಯಿಗೆ ಉಸಿರು ಕೊಡುತ್ತಿದ್ದರೆ ಜೀವ ಉಳಿದೀತು.

108ಕ್ಕೆ ಫೋನು ಮಾಡಬೇಕು. ವಾಹನ ತಡವಾಗುವಂತಿದ್ದರೆ ಬೈಕಿನಲ್ಲಿ ರೋಗಿಯನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಹೊರಡಬಹುದು. ವಾಂತಿ ಬರುವಂತಿದ್ದರೆ ಎಡಮಗ್ಗುಲಾಗಿ ಮಲಗಿಸಿಯೇ ಒಯ್ಯಬೇಕು. ಕಚ್ಚಿದ ಹೊತ್ತು, ರೆಪ್ಪೆ ಜೋತ ಹೊತ್ತು, ಒಸಡಿನಲ್ಲಿ ರಕ್ತ ಕಂಡ ಹೊತ್ತು ಇವನ್ನು ಗಮನಿಸಿ ವೈದ್ಯರಿಗೆ ಹೇಳಿದರೆ ಬಹಳ ಉಪಕಾರ. ಹೊಸಹೊಳಲಿನವರಿಗೆ ಕೃಷ್ಣರಾಜಪೇಟೆಯ ಆಸ್ಪತ್ರೆ ಹತ್ತಿರ. ಮೂತ್ರಪಿಂಡಕ್ಕೋ ಉಸಿರಿಗೋ ತೊಂದರೆಯಾದರೆ ಅಲ್ಲಿಂದ ಮಂಡ್ಯ, ಮೈಸೂರು ಅಥವಾ ಬೆಳ್ಳೂರಿನ ಬಳಿಯ ಬಿ.ಜಿ. ನಗರದ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕಾಗುತ್ತದೆ. ಮದ್ದನ್ನು ಊರಿನಲ್ಲೇ ಚುಚ್ಚಿಸಿಕೊಳ್ಳುವ ಯೋಚನೆ ಬೇಡ. ಅದು ಕೆಲವರ ಮೈಗೆ ಒಗ್ಗದೆ ರಕ್ತದೊತ್ತಡ ಕುಸಿಯುತ್ತದೆ.

ಪಂಪ್‌ಸೆಟ್ಟಿನ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ನೀರು ಕಟ್ಟಲು ಹೋಗಬೇಕು. ಇದು ರೈತನ ಆಯ್ಕೆಯಲ್ಲ. ಗಮ್‌ಬೂಟು, ಟಾರ್ಚು, ಕೈಯಲ್ಲೊಂದು ಕೋಲು ಇರಲಿ. ಹುಲ್ಲಿನ ಮೆದೆ ಮನೆಗೆ ತಾಗಿರಬಾರದು. ಬದುಗಳ ಇಲಿಬಿಲ ಮುಚ್ಚಬೇಕು. ಮಲಗುವಾಗ ಮಂಚ, ಸೊಳ್ಳೆಪರದೆ ಎರಡೂ ಇದ್ದರೆ ಉತ್ತಮ. ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು.

ಗುಣವಾಗಿ ಮನೆಗೆ ಬಂದ ಒಂದೆರಡು ವಾರದಲ್ಲಿ ಕೆಲವರಿಗೆ ಜ್ವರ, ಕೀಲುನೋವು, ಮೈ ತುರಿಕೆ ಬರುವುದುಂಟು. ಇದು ಹಾವಿನ ವಿಷ ಮರುಕಳಿಸಿದ್ದಲ್ಲ, ಮದ್ದಿನ ಪರಿಣಾಮ. ಅದೇ ಆಸ್ಪತ್ರೆಗೆ ಚೀಟಿ ಹಿಡಿದು ಹೋದರೆ ವೈದ್ಯರು ಗುಳಿಗೆ ಕೊಡುತ್ತಾರೆ.