ನಾವೇ ಹಾಕಿದ ಲೆಕ್ಕ, ನಾವೇ ಹಿಡಿದ ದಾರಿ

(ಕಲಿಕಾ ಕೇಂದ್ರದ ಅಕ್ಕತಂಗಿಯರ ಸಭೆಯಲ್ಲಿ ಆಡಿದ ಮಾತು)



ನಾವು ಘಟ್ಟದ ಮೇಲಿನವರು. ಶಿವಮೊಗ್ಗ ಕಡೆಯವರು. ನಮ್ಮ ಸಂಘದಲ್ಲಿ ಹನ್ನೆರಡು ಜನ ಇದ್ದೀವಿ. ಅಡಿಕೆ ಸುಲಿಯುವವರು, ನಾಟಿ ಮಾಡುವವರು, ಹೈನು ಇಟ್ಟುಕೊಂಡವರು. ನಮ್ಮಲ್ಲಿ ಏಳು ಜನ ಇನ್ನೂ ಸಮುದ್ರ ನೋಡಿಲ್ಲ. ಅದಕ್ಕೇ ಒಂದು ತೀರ್ಮಾನ ಮಾಡಿದ್ದೀವಿ. ಬರುವ ಡಿಸೆಂಬರಿನಲ್ಲಿ ಮೂರು ದಿನ ಕರಾವಳಿ ನೋಡಿ ಬರೋಣ ಅಂತ. ಈ ಪ್ರವಾಸದ ಲೆಕ್ಕವನ್ನೆಲ್ಲ ನಾವೇ ಕೂತು ಹಾಕಿದೆವು. ಹೇಗೆ ಹಾಕಿದೆವು ಅನ್ನೋದನ್ನು ಇವತ್ತು ನಿಮ್ಮ ಮುಂದೆ ಇಡ್ತೀವಿ. ನಿಮಗೂ ಉಪಯೋಗ ಆದೀತು.

ಯಾವಾಗ ಹೋಗುವುದು?

ಮೊದಲನೇ ಪ್ರಶ್ನೆ ಇದು. ಮಳೆಗಾಲದಲ್ಲಿ ಬೇಡ ಅಂದೆವು. ಯಾಕೆ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯ ಮೇಲೇ ಮಣ್ಣು ಬಿತ್ತು. ರಸ್ತೆ ಬದಿಯ ಚಹಾದಂಗಡಿಯವರು, ಲಾರಿಯವರು ಸತ್ತರು. ಅದೇ ವರ್ಷ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಮಳೆಗಾಲದಲ್ಲಿ ಸಮುದ್ರವೂ ಕೆರಳಿರುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗೋ ಹಾಗಿಲ್ಲ. ಅದು ಮೀನು ಮರಿ ಮಾಡುವ ಕಾಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯನ್ನೂ ಮಳೆಗಾಲದಲ್ಲಿ ನಿಲ್ಲಿಸ್ತಾರೆ.

ಬೇಸಿಗೆಯಲ್ಲಿ ಹೋದರೆ? ಕರಾವಳಿಯ ಸೆಕೆ ನಮಗೆ ತಡೆಯೋದಿಲ್ಲ. ಅಲ್ಲಿ ಬೆವರು ಬರುತ್ತೆ, ಆದರೆ ಆರೋದಿಲ್ಲ. ಗಾಳಿಯಲ್ಲೇ ನೀರಿನ ಪಸೆ ಇರುತ್ತೆ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತೆ. ಬಿಸಿಲು ಇರುತ್ತೆ, ಬೇಗೆ ಕಡಿಮೆ. ನಮ್ಮಲ್ಲಿ ಅಡಿಕೆ ಕೊಯ್ಲಿನ ಕೆಲಸ ಇರುತ್ತೆ, ನಿಜ. ಮೂರು ದಿನ ಹೊಂದಿಸಿಕೊಳ್ಳೋಣ ಅಂದುಕೊಂಡೆವು.

ಯಾವ ದಾರಿ?

ಒಂದು ಹಾಳೆಯ ಮೇಲೆ ಊರಿನ ಹೆಸರು ಬರೆದೆವು. ಪಕ್ಕದಲ್ಲಿ ದೂರ ಬರೆದೆವು.

ಮೊದಲನೇ ದಿನ: ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ. ಸುಮಾರು 150 ಕಿಲೋಮೀಟರು. ಆಗುಂಬೆ ಘಾಟಿಯಲ್ಲಿ 14 ದೊಡ್ಡ ತಿರುವು ಇವೆ. ಅಲ್ಲಿ ಭಾರೀ ವಾಹನ ಬಿಡೋದಿಲ್ಲ, ಸಣ್ಣ ಗಾಡಿಯೇ ಆಗಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದೊಳಗೆ ಉಡುಪಿ. ಕೃಷ್ಣ ಮಠ ನೋಡಿ, ಸಂಜೆ ಮಲ್ಪೆಯ ಕಡಲ ದಂಡೆ. ರಾತ್ರಿ ಉಡುಪಿಯಲ್ಲಿ.

ಎರಡನೇ ದಿನ: ಉಡುಪಿ, ಕುಂದಾಪುರ, ಮರವಂತೆ, ಭಟ್ಕಳ, ಮುರುಡೇಶ್ವರ. ಸುಮಾರು 105 ಕಿಲೋಮೀಟರು. ಇದು 66ನೇ ರಾಷ್ಟ್ರೀಯ ಹೆದ್ದಾರಿ. ಮುಂಚೆ ಇದಕ್ಕೆ 17 ಅಂತ ಸಂಖ್ಯೆ ಇತ್ತು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಮಧ್ಯದಲ್ಲಿ ನಮ್ಮ ಗಾಡಿ! ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವನ ಮೂರ್ತಿ ಇದೆ. ರಾತ್ರಿ ಅಲ್ಲೇ.

ಮೂರನೇ ದಿನಕ್ಕೆ ಬಂದಾಗ ಸಭೆಯಲ್ಲಿ ಜಗಳವೇ ಆಯ್ತು. ಹಿರಿಯರಿಗೆ ಗೋಕರ್ಣ ಬೇಕು. ಆತ್ಮಲಿಂಗದ ದರ್ಶನ ಮಾಡದೆ ಬಂದರೆ ಹೋಗಿದ್ದೇನು ಬಂತು ಅಂದರು. ಕಿರಿಯರು ಜೋಗದ ಮೇಲೆ ಬರೋಣ ಅಂದರು. ಎರಡೂ ಇರಲಿ ಅಂತ ಕೆಲವರು ಅಂದರು.

ಆಗ ಏನು ಮಾಡಿದೆವು? ಬಾಯಿ ಜೋರು ಮಾಡಲಿಲ್ಲ. ಸ್ಲೇಟು ತಗೊಂಡೆವು. ಮುರುಡೇಶ್ವರದಿಂದ ಗೋಕರ್ಣ ಸುಮಾರು 80 ಕಿಲೋಮೀಟರು. ಅಲ್ಲಿಂದ ಹೊನ್ನಾವರ, ಗೇರುಸೊಪ್ಪೆ, ಸಾಗರದ ಮೇಲೆ ಶಿವಮೊಗ್ಗ ಸುಮಾರು 220. ಒಟ್ಟು 300. ಗಂಟೆಗೆ 40 ಕಿಲೋಮೀಟರಿನಂತೆ ಹೋದರೆ ಏಳೂವರೆ ಗಂಟೆ. ದರ್ಶನ, ಊಟಕ್ಕೆ ನಾಲ್ಕು ಗಂಟೆ. ಜೋಗಕ್ಕೆ ಒಂದೂವರೆ ಗಂಟೆ. ಕೂಡಿದರೆ ಹದಿಮೂರು ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಶಿವಮೊಗ್ಗ. ಕತ್ತಲೆ, ಕಾಡಿನ ರಸ್ತೆ, ದಣಿದ ಚಾಲಕ. ಇದು ಸರಿಯೇ?

ಲೆಕ್ಕ ನೋಡಿ ಹಿರಿಯ ಅಕ್ಕ ಒಬ್ಬರು ತಾವೇ ಹೇಳಿದರು: "ಬೇಡ ಕಣ್ರೇ. ಗೋಕರ್ಣ ಬರೋ ವರ್ಷಕ್ಕೆ ಇರಲಿ. ಅದಕ್ಕೇ ಅಂತ ಬೇರೆ ಹೋಗೋಣ." ಆ ಮಾತನ್ನು ಸಂಘದ ಪುಸ್ತಕದಲ್ಲಿ ಬರೆದು ಹನ್ನೆರಡು ಜನರೂ ಸಹಿ ಹಾಕಿದೆವು. ಹೆಬ್ಬೆಟ್ಟು ಒಂದೂ ಇಲ್ಲ!

ಹಾಗಾಗಿ ಮೂರನೇ ದಿನ: ಮುರುಡೇಶ್ವರ, ಹೊನ್ನಾವರ, ಜೋಗ, ಸಾಗರ, ಶಿವಮೊಗ್ಗ. ಸುಮಾರು 190 ಕಿಲೋಮೀಟರು. ಹೊನ್ನಾವರದ ಸೇತುವೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ಎಲ್ಲರ ಆಸೆ. ಯಾಕೆ ಗೊತ್ತೇ? ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಬೀಳ್ತಾಳೆ. ಹೊನ್ನಾವರದಲ್ಲಿ ಸಮುದ್ರ ಸೇರ್ತಾಳೆ. ನಮ್ಮ ಕಡೆ ಹುಟ್ಟಿದವಳು ಎಲ್ಲಿಗೆ ಹೋಗಿ ಸೇರಿದಳು ಅಂತ ನಾವು ನೋಡಬೇಡವೇ? ಡಿಸೆಂಬರಿನಲ್ಲಿ ಜೋಗದಲ್ಲಿ ನೀರು ಕಡಿಮೆ. ಅದೂ ಗೊತ್ತಿದ್ದೇ ಹೋಗ್ತಾ ಇದ್ದೀವಿ.

ಎಷ್ಟು ದುಡ್ಡು?

ಗಾಡಿ ಮಾಡುವಾಗ ಐದು ಪ್ರಶ್ನೆ ಕೇಳಿ. ಕಿಲೋಮೀಟರಿಗೆ ಎಷ್ಟು? ದಿನಕ್ಕೆ ಕಡಿಮೆ ಅಂದರೆ ಎಷ್ಟು ಕಿಲೋಮೀಟರಿನ ದುಡ್ಡು ಕೊಡಬೇಕು? ಚಾಲಕರ ಬತ್ತೆ ಎಷ್ಟು? ಟೋಲು ಯಾರು ಕಟ್ಟಬೇಕು? ಮುಂಗಡ ಎಷ್ಟು? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಗಾಡಿಯ ನಂಬರು ಬೋರ್ಡು ನೋಡಿ. ಹಳದಿ ಬೋರ್ಡು, ಕಪ್ಪು ಅಕ್ಷರ ಇದ್ದರೆ ಅದು ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಬೋರ್ಡು ಸ್ವಂತದ ಗಾಡಿ. ಅದನ್ನು ಬಾಡಿಗೆಗೆ ಓಡಿಸೋ ಹಾಗಿಲ್ಲ. ಏನಾದರೂ ಆದರೆ ವಿಮೆಯ ಹಣಕ್ಕೂ ತೊಂದರೆ.

ದರ ಊರಿಂದ ಊರಿಗೆ ಬೇರೆ. ಲೆಕ್ಕ ಕಲಿಯಲು ಒಂದು ಉದಾಹರಣೆ ಹಾಕಿ ನೋಡೋಣ.

ದಾರಿ 450, ಅಲ್ಲಲ್ಲಿ ಓಡಾಟ 50, ಒಟ್ಟು 500 ಕಿಲೋಮೀಟರು.
ಕಿಲೋಮೀಟರಿಗೆ 20 ರೂಪಾಯಿ ಅಂದರೆ 10,000 ರೂಪಾಯಿ.
ಚಾಲಕರ ಬತ್ತೆ ದಿನಕ್ಕೆ 600ರಂತೆ 1,800.
ಟೋಲು, ಗಾಡಿ ನಿಲ್ಲಿಸುವ ಶುಲ್ಕ 800.
ಒಟ್ಟು 12,600. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ 1,050.
ಎರಡು ರಾತ್ರಿ ತಂಗಲು ತಲೆಗೆ 600.
ಮೂರು ದಿನದ ಊಟ, ತಿಂಡಿಗೆ 750.
ಎಲ್ಲ ಸೇರಿ ತಲೆಗೆ 2,400 ರೂಪಾಯಿ.

ವಾರಕ್ಕೆ 100 ರೂಪಾಯಿ ಎತ್ತಿಟ್ಟರೆ 24 ವಾರ. ಜೂನ್ ಎರಡನೇ ವಾರ ಶುರು ಮಾಡಿದರೆ ನವೆಂಬರ್ ಕೊನೆಗೆ ದುಡ್ಡು ಕೈಯಲ್ಲಿ. ಸಾಲ ಬೇಡ. ಒಡವೆ ಅಡ ಇಡೋದು ಬೇಡ.

ಆದರೆ ವಾರಕ್ಕೆ 100 ಎಲ್ಲರಿಗೂ ಆಗುತ್ಯೇ? ನಮ್ಮಲ್ಲಿ ಇಬ್ಬರು ಆಗೋದಿಲ್ಲ ಅಂದರು. ಅವರನ್ನು ಬಿಟ್ಟು ಹೋಗೋದು ನಮಗೆ ಬೇಡ. ಆಗ ಬಸ್ಸಿನ ಲೆಕ್ಕವನ್ನೂ ಹಾಕಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಗೆ ದುಡ್ಡಿಲ್ಲ. ರಾಜಹಂಸ, ಎ.ಸಿ., ಮಲಗುವ ಬಸ್ಸಿಗೆ ಇದು ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಸೊನ್ನೆ ಟಿಕೇಟು ಕೇಳಿ ತಗೊಳ್ಳಬೇಕು. ಇನ್ನೊಂದು ವಿಷಯ ನೆನಪಿಡಿ. ಉಡುಪಿ, ಮಂಗಳೂರು ಕಡೆ ಖಾಸಗಿ ಬಸ್ಸು ಬಹಳ. ಅವುಗಳಲ್ಲಿ ದುಡ್ಡು ಕೊಡಲೇಬೇಕು. ಹತ್ತುವ ಮುಂಚೆ ಬೋರ್ಡು ಓದಿ. ಸರ್ಕಾರಿಯೋ, ಖಾಸಗಿಯೋ ತಿಳ್ಕೊಳ್ಳಿ. ನಾವು ಓದು ಕಲಿತದ್ದು ಇದಕ್ಕೂ ಬಂತು.

ಬಸ್ಸಿನಲ್ಲಿ ಹೋದರೆ ಗಾಡಿಯ 1,050 ಉಳಿಯುತ್ತೆ. ಖಾಸಗಿ ಬಸ್ಸು, ಆಟೋಗೆ ತಲೆಗೆ 300 ಇಟ್ಟುಕೊಂಡರೂ ಒಟ್ಟು 1,650 ಸಾಕು. ವಾರಕ್ಕೆ 70 ರೂಪಾಯಿಯೊಳಗೆ ಆಯ್ತು. ಹೊತ್ತು ಹೆಚ್ಚು ಹಿಡಿಯುತ್ತೆ, ಕಾಯಬೇಕಾಗುತ್ತೆ. ಆದರೂ ಹನ್ನೆರಡು ಜನರೂ ಹೋಗಬಹುದು. ಹಾಗಾಗಿ ನಾವು ಬಸ್ಸನ್ನೇ ಆರಿಸಿದೆವು. ಗಾಡಿಯ ಲೆಕ್ಕ ನಿಮಗೆ ಬೇಕಾದೀತು ಅಂತ ಹೇಳಿದೆವು.

ದಾರಿಯನ್ನು ಓದುವುದು

ರಸ್ತೆ ಬದಿಯ ಕಲ್ಲು ನೋಡಿದ್ದೀರಲ್ಲ? ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ತಲೆ ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲೆ ಊರಿನ ಹೆಸರು, ದೂರ ಇರುತ್ತೆ. ಒಬ್ಬೊಬ್ಬರು ಒಂದೊಂದು ಗಂಟೆ ಕಿಟಕಿ ಪಕ್ಕ ಕೂತು ಓದಬೇಕು ಅಂತ ಮಾತಾಗಿದೆ. ದೂರ ಕಮ್ಮಿ ಆಗ್ತಾ ಬಂದರೆ ದಾರಿ ಸರಿ ಇದೆ ಅಂತ ಅರ್ಥ.

ಸಮುದ್ರದ ಮಾತು

ಇದನ್ನು ಮಾತ್ರ ಗಮನ ಇಟ್ಟು ಕೇಳಿ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಮಳೆಗಾಲ ಅಲ್ಲ, ಬಿಸಿಲಿನ ಕಾಲ. ಸಮುದ್ರ ಕೆರೆಯ ಹಾಗಲ್ಲ. ದಡಕ್ಕೆ ಬಂದ ನೀರು ವಾಪಸು ಹೋಗಬೇಕಲ್ಲ? ಕೆಲವು ಕಡೆ ಅದು ಒಂದೇ ಜಾಗದಲ್ಲಿ ಹೊಳೆಯ ಹಾಗೆ ಜೋರಾಗಿ ಒಳಕ್ಕೆ ಹರಿಯುತ್ತೆ. ಮೇಲಿಂದ ನೋಡಿದರೆ ಅಲ್ಲಿ ಅಲೆ ಕಡಿಮೆ, ನೀರು ಶಾಂತ. ಅದನ್ನು ನಂಬಿ ಇಳಿಯಬಾರದು. ಸೀರೆ ನೆನೆದರೆ ಭಾರ, ಕಾಲಿಗೆ ಸುತ್ತಿಕೊಳ್ಳುತ್ತೆ.

ನಮ್ಮ ನಿಯಮ ಇಷ್ಟು. ನೀರು ಮೊಣಕಾಲಿನ ಕೆಳಗೇ ಇರಬೇಕು. ಇಬ್ಬಿಬ್ಬರು ಕೈ ಹಿಡಿದಿರಬೇಕು. ಕೆಂಪು ಬಾವುಟ ಇದ್ದರೆ ಇಳಿಯೋದೇ ಇಲ್ಲ. ಜೀವರಕ್ಷಕರ ಮಾತು, ಊರಿನ ಮೀನುಗಾರರ ಮಾತು ಕೇಳಬೇಕು. ಯಾರನ್ನಾದರೂ ನೀರು ಎಳೆದರೆ ಹಿಂದೆಯೇ ಹಾರಬಾರದು. ಕೂಗಿ ಜನ ಕರೀಬೇಕು. ಹಗ್ಗವೋ ಖಾಲಿ ಕೊಡವೋ ಎಸೀಬೇಕು. ಎಳೆತಕ್ಕೆ ಸಿಕ್ಕವರು ಅದಕ್ಕೆ ಎದುರಾಗಿ ಈಜಿ ಸುಸ್ತಾಗಬಾರದು. ದಡದ ಉದ್ದಕ್ಕೆ, ಪಕ್ಕಕ್ಕೆ ಸರೀಬೇಕು.

ಗಂಟಿನಲ್ಲಿ ಏನಿರಬೇಕು?

ಗುರುತಿನ ಚೀಟಿ. ದಿನಾ ತಗೊಳ್ಳುವ ಮಾತ್ರೆ. ನೀರಿನ ಬಾಟಲಿ. ಚಿಟಿಕೆ ಉಪ್ಪು, ಸಕ್ಕರೆ. ತಲೆಗೆ ಹೊದೆಯಲು ಹತ್ತಿ ಬಟ್ಟೆ. ಮುಟ್ಟಿನ ಬಟ್ಟೆ ಅಥವಾ ಪ್ಯಾಡು. ಒಡವೆ ಮನೆಯಲ್ಲೇ ಇರಲಿ. ದುಡ್ಡು ಒಬ್ಬರ ಹತ್ತಿರವೇ ಬೇಡ, ಮೂವರು ಹಂಚಿ ಇಟ್ಟುಕೊಳ್ಳಿ. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿ: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆ ಆದರೆ 1033, ಮಹಿಳಾ ಸಹಾಯವಾಣಿ 181.

ಮನೆಯ ಮಾತು

ದುಡ್ಡಿಗಿಂತ ಕಷ್ಟದ್ದು ಇದೇ. "ಹಸು ಯಾರು ಕರೀತಾರೆ? ಮಕ್ಕಳಿಗೆ ಯಾರು ಬೇಯಿಸಿ ಹಾಕ್ತಾರೆ? ಹೆಂಗಸರೇ ಹೋಗೋದಾ?" ಅಂತ ಮನೆಗಳಲ್ಲಿ ಕೇಳಿದರು. ನಾವು ಸಿಟ್ಟು ಮಾಡಿಕೊಳ್ಳಲಿಲ್ಲ. ಕೇಳೋ ಪ್ರಶ್ನೆಯೇ ಅದು. ಉತ್ತರವನ್ನು ಕಾಗದದ ಮೇಲೆ ಬರೆದೆವು. ಯಾವ ದಿನ ಎಲ್ಲಿ ಇರ್ತೀವಿ, ರಾತ್ರಿ ಎಲ್ಲಿ ತಂಗ್ತೀವಿ, ಯಾರ ಫೋನು, ಯಾವ ಹೊತ್ತಿಗೆ ಮನೆಗೆ ಫೋನು ಮಾಡ್ತೀವಿ. ಹಸು ಕರೆಯೋದಕ್ಕೆ ಪಕ್ಕದ ಮನೆಯವರ ಹತ್ತಿರ ಮುಯ್ಯಿ ಮಾತಾಡಿದೆವು. ನಾವು ಬಂದ ಮೇಲೆ ಅವರ ಕೆಲಸಕ್ಕೆ ಹೋಗ್ತೀವಿ. ಆ ಕಾಗದ ಈಗ ಹನ್ನೆರಡು ಮನೆಯ ಗೋಡೆಯ ಮೇಲೆ ಇದೆ. ಒಪ್ಪದೇ ಇದ್ದ ಮನೆಯವರೂ ನಿಂತು ಓದಿದರು. ಹತ್ತು ಮನೆಯವರು ಆಗಲಿ ಅಂದಿದ್ದಾರೆ. ಇನ್ನೆರಡು ಮನೆಗೆ ನಾವೆಲ್ಲ ಸೇರಿ ಹೋಗಿ ಮಾತಾಡ್ತೀವಿ.

ಅಕ್ಕಂದಿರೇ, ನೀವೂ ಒಂದು ಹಾಳೆ ತಗೊಳ್ಳಿ. ನೀವು ನೋಡಬೇಕು ಅಂದುಕೊಂಡ ಊರಿನ ಹೆಸರು ಬರೆಯಿರಿ. ಪಕ್ಕದಲ್ಲಿ ದೂರ ಬರೆಯಿರಿ. ಕೆಳಗೆ ದುಡ್ಡು ಬರೆಯಿರಿ. ಸಮುದ್ರವೇ ಆಗಬೇಕು ಅಂತಿಲ್ಲ. ಪಕ್ಕದ ತಾಲ್ಲೂಕೇ ಆಗಲಿ. ಬರುವ ಸಭೆಗೆ ಆ ಹಾಳೆ ತನ್ನಿ. ಎಲ್ಲರೂ ಕೂತು ಕೂಡಿಸಿ ಕಳೆದು ನೋಡೋಣ.