ಹಂಚುವ ಸುದ್ದಿ, ತಡೆಯುವ ಕಾನೂನು

ಶಿರಾ ಸೀಮೆಯ ಹುಲಿಕುಂಟೆಯ ಕಡೆ ಒಂದು ಕಾಲಕ್ಕೆ ಪತ್ರಿಕೆಯೆಂದರೆ ಬಸ್ಸಿನಲ್ಲಿ ಬರುವ ಒಂದೆರಡು ಪ್ರತಿಗಳಷ್ಟೇ. ಚಹದ ಅಂಗಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದುವರು, ಹತ್ತು ಮಂದಿ ಕೇಳುವರು. ಸಂಜೆಯ ವೇಳೆಗೆ ಕಡಲೆಕಾಯಿಯ ಧಾರಣೆ, ಕೆರೆಗೆ ನೀರು ಬರುವ ಮಾತು ಊರೆಲ್ಲಕ್ಕೂ ತಿಳಿದಿರುತ್ತಿತ್ತು. ಇಂದು ಆ ಕೆಲಸವನ್ನು ಕೈಯಲ್ಲಿರುವ ಫೋನು ಮಾಡುತ್ತಿದೆ. ಗಟ್ಟಿಯಾಗಿ ಓದುವುದರ ಬದಲು ಹಂಚುತ್ತೇವೆ. ಈ ಹಂಚಿಕೆಗೆ ಕಾನೂನು ಅಡ್ಡ ನಿಂತರೆ ಪತ್ರಿಕೋದ್ಯಮದ ಗತಿಯೇನು?

ತಡೆಯೇ ಬೇಡವೆನ್ನುವ ಧೈರ್ಯ ನನಗಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ತಿಂಗಳೇ ವಾಟ್ಸ್‌ಆ್ಯಪ್, ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿಯನ್ನು ತಂದಿತು. ಸುಳ್ಳಿಗೆ ಕಡಿವಾಣ ಬೇಕೆನ್ನುವವರ ಸಂಕಟ ಕೃತಕವಾದುದಲ್ಲ.

ಆದರೆ ಕಡಿವಾಣ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು, ಇತರರು ಬರೆದುದಕ್ಕಾಗಿ ಜಾಲತಾಣದ ಕಂಪೆನಿಯನ್ನು ಹೊಣೆ ಮಾಡದೆ ರಕ್ಷಿಸುತ್ತದೆ. ಸರ್ಕಾರದ ಸೂಚನೆ ಬಂದ ಮೇಲೂ ಬರಹವನ್ನು ತೆಗೆಯದಿದ್ದರೆ ಆ ರಕ್ಷಣೆ ತಪ್ಪುತ್ತದೆ. ಕಂಪೆನಿಗೆ ಇರುವ ಸುಲಭದ ದಾರಿ ತೆಗೆದುಹಾಕುವುದೇ. ಕೆರೆಯ ಒತ್ತುವರಿಯನ್ನು ಕುರಿತು ಹಳ್ಳಿಯ ವರದಿಗಾರನೊಬ್ಬ ಬರೆದ ನಾಲ್ಕು ಸಾಲಿಗಾಗಿ ಅದು ಏಕೆ ಹೋರಾಡೀತು?

ಕೆನಡದ ಅನುಭವ ಇದಕ್ಕೆ ಸಮೀಪವಾದುದು. ಸುದ್ದಿಯಿಂದ ಲಾಭ ಪಡೆಯುವ ದೊಡ್ಡ ಕಂಪೆನಿಗಳು ಪತ್ರಿಕೆಗಳಿಗೆ ಹಣ ಕೊಡಬೇಕೆಂದು 2023ರ ಜೂನ್‌ನಲ್ಲಿ ಅಲ್ಲಿ ಕಾನೂನಾಯಿತು. ಉದ್ದೇಶ ಒಳ್ಳೆಯದೇ. ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಸಂಸ್ಥೆ ಹಣ ಕೊಡುವುದರ ಬದಲು ಆಗಸ್ಟ್‌ನಿಂದ ಸುದ್ದಿಯನ್ನೇ ನಿಲ್ಲಿಸಿಬಿಟ್ಟಿತು. ಅದೇ ತಿಂಗಳು ಕಾಡ್ಗಿಚ್ಚಿಗೆ ಹೆದರಿ ಯೆಲ್ಲೋನೈಫ್ ಪಟ್ಟಣದ ಸುಮಾರು 20,000 ಜನ ಊರು ಬಿಟ್ಟಾಗ, ಪತ್ರಿಕೆಯ ವರದಿಯನ್ನು ಫೇಸ್‌ಬುಕ್ಕಿನಲ್ಲಿ ಹಂಚಲು ದಾರಿಯಿರಲಿಲ್ಲ. ಸುದ್ದಿಯ ಚಿತ್ರ ತೆಗೆದು ಕಳಿಸುವ ಉಪಾಯವನ್ನು ಜನ ಹೂಡಬೇಕಾಯಿತು.

ನಮ್ಮಲ್ಲಿ ಕೇಂದ್ರ ಸರ್ಕಾರವು ಇಂಥ ಸೂಚನೆಗಳನ್ನು ಕಳಿಸಲು ‘ಸಹಯೋಗ್’ ಎಂಬ ಜಾಲವನ್ನು ನಿರ್ಮಿಸಿತು. ಅದನ್ನು ಪ್ರಶ್ನಿಸಿ ಎಕ್ಸ್ ಸಂಸ್ಥೆ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಸಾಮಾಜಿಕ ಜಾಲತಾಣಗಳಿಗೆ ನಿಯಂತ್ರಣ ಅಗತ್ಯವೆಂಬುದು ಪೀಠದ ನಿಲುವು. ಮರುತಿಂಗಳು ಕೇಂದ್ರವೇ ನಿಯಮವನ್ನು ತಿದ್ದಿ, ಸೂಚನೆ ಕೊಡುವ ಅಧಿಕಾರವನ್ನು ಹಿರಿಯ ಅಧಿಕಾರಿಗಳಿಗೆ ಸೀಮಿತಗೊಳಿಸಿತು, ಕಾರಣವನ್ನೂ ತಿಳಿಸಬೇಕೆಂದಿತು. ಇದು ಸ್ವಾಗತಾರ್ಹ. ಆದರೆ ಆ ಕಾರಣ ತಲಪುವುದು ಕಂಪೆನಿಗೆ.

ನಮ್ಮ ಹಿರಿಯರ ಕಾಲದ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ಕಾನೂನು ಮಾಡಿತು. ತಾತಯ್ಯ ಎಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಕಾನೂನು ಕಠಿಣವಾಗಿತ್ತು, ನಿಜ. ಆದರೆ ತಡೆದವರು ಯಾರೆಂಬುದು ಸಂಪಾದಕರಿಗೂ ಓದುಗರಿಗೂ ಗೊತ್ತಿತ್ತು. ಆದಕಾರಣ ಪ್ರತಿಭಟಿಸಲು ಒಂದು ಎದುರು ಇತ್ತು. ಇಂದಿನ ಸಣ್ಣ ವರದಿಗಾರನಿಗೆ ತನ್ನ ಬರಹ ಮಾಯವಾದುದು ಕಾಣುತ್ತದೆ, ತೆಗೆಸಿದವರು ಕಾಣುವುದಿಲ್ಲ. ಮುಂದಿನ ಸಲ ಅವನು ಬರೆಯುವ ಮುನ್ನವೇ ಹಿಂಜರಿಯುತ್ತಾನೆ. ಆ ಬಾರದ ಸುದ್ದಿಯ ಲೆಕ್ಕವನ್ನು ಇಡುವವರು ಯಾರು?

ಆದ್ದರಿಂದ ನನ್ನ ಕೋರಿಕೆ ಸಣ್ಣದು. ವದಂತಿಯನ್ನು ತಡೆಯಿರಿ, ಕೂಡಲೇ ತಡೆಯಿರಿ. ಆದರೆ ತಡೆದಾಗ ಬರೆದವನಿಗೂ ಒಂದು ಓಲೆ ಹೋಗಲಿ: ಇಂಥವರು, ಇಂಥ ಕಾರಣಕ್ಕೆ ತೆಗೆಸಿದ್ದೇವೆ, ನಿನ್ನ ಉತ್ತರವೇನು ಎಂದು. ಹುಲಿಕುಂಟೆಯ ಅಂಗಡಿಯಲ್ಲಿ ತಪ್ಪು ಓದಿದವನನ್ನು ಕೂಡ ಜನ ತಡೆದು, ‘ಎಲ್ಲಿದೆ ತೋರಿಸು’ ಎನ್ನುತ್ತಿದ್ದರು. ಅವನು ಹಾಳೆ ತೋರಿಸುತ್ತಿದ್ದ. ಅಷ್ಟು ಅವಕಾಶ ಈ ಕಾಲದಲ್ಲಿಯೂ ಇರಲಿ.