ಹಟ್ಟಿ ಚಿನ್ನದ ಗಣಿಯ ಕಥೆ

(ಕೊಂಕಲ್ ಗ್ರಾಮದಲ್ಲಿ ಮಾಡಿದ ಭಾಷಣ)



ಕೃಷ್ಣೆಯನ್ನು ದಾಟಿ ಲಿಂಗಸುಗೂರು ತಾಲ್ಲೂಕಿಗೆ ಹೋದರೆ ಹಟ್ಟಿ ಎಂಬ ಊರಿದೆ. ಅದು ಚಿನ್ನದ ಊರೆಂದು ತಾವೆಲ್ಲರೂ ಕೇಳಿದ್ದೀರಿ. ಅಲ್ಲಿ ಮಗನಿಗೊಂದು ಕೆಲಸ ಸಿಕ್ಕರೆ ಸಾಕು, ಹೊಲ ಮಾರಿದರೂ ಚಿಂತೆಯಿಲ್ಲ ಎನ್ನುವವರೂ ಉಂಟು. ಅಂಥವರು ಆ ಊರಿನ ಕಥೆಯನ್ನು ಮೊದಲು ಕೇಳಬೇಕು.

ಸುಮಾರು 2000 ವರ್ಷಗಳ ಹಿಂದೆಯೇ ನಮ್ಮ ಪೂರ್ವಿಕರು ಅಲ್ಲಿ ಚಿನ್ನ ತೆಗೆದರು. ಆಗ ಸಿಡಿಮದ್ದು ಇರಲಿಲ್ಲ. ಬಂಡೆಯ ಬುಡದಲ್ಲಿ ಬೆಂಕಿ ಹಾಕಿ, ಕಾದು ಬಿರುಕು ಬಿಟ್ಟ ಮೇಲೆ ಒಡೆಯುತ್ತಿದ್ದರು. ಹೀಗೆ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಎಂಥ ಶ್ರಮ! ಆದರೂ ಆ ಗಣಿ ಹಾಳುಬಿತ್ತು.

20ನೆಯ ಶತಮಾನದ ಆರಂಭದಲ್ಲಿ, ನಿಜಾಮರ ಆಳಿಕೆಯಲ್ಲಿ, ಕಂಪೆನಿಯೊಂದು ಅದನ್ನು ಮತ್ತೆ ತೆರೆಯಿತು. 1920ರ ಹೊತ್ತಿಗೆ ಅದೂ ನಿಂತಿತು. ಮುಂದೆ ಹಲವು ವರ್ಷ ಗಣಿ ಬರಿದಾಗಿತ್ತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪೆನಿ ಸ್ಥಾಪನೆಯಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಹಟ್ಟಿ ಕಂಪೆನಿಯಾಗಿ ನಮ್ಮ ರಾಜ್ಯಕ್ಕೆ ಬಂದಿತು. ಇಂದಿಗೂ ನಡೆಯುತ್ತಿದೆ.

ಒಂದು ಟನ್ ಕಲ್ಲನ್ನು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಖರ್ಚು ಹೆಚ್ಚಿ ಹುಟ್ಟುವಳಿ ತಗ್ಗಿದರೆ ಗಣಿ ನಡೆಯದು. ಕೋಲಾರದ ಗಣಿಯನ್ನೇ ನೋಡಿರಿ. 1880ರ ದಶಕದಿಂದ ನಡೆದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಗಣಿಯನ್ನೇ ನಂಬಿದ್ದ ಸಾವಿರಾರು ಸಂಸಾರಗಳು ದಿಕ್ಕು ಕಾಣದೆ ನಿಂತವು.

ಹಟ್ಟಿಗೆ ಸಮೀಪದ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಅಶೋಕನ ಹೆಸರುಳ್ಳ ಶಾಸನ ಕಂಡಿತು. ಆ ಕಾಲದ ಚಿನ್ನ ಯಾರ ಕೈ ಸೇರಿತೋ ಯಾರು ಬಲ್ಲರು? ಬಂಡೆಯ ಮೇಲಿನ ಅಕ್ಷರ ಮಾತ್ರ ಉಳಿಯಿತು.

ಆದುದರಿಂದ ನನ್ನ ವಿನಂತಿ ಇಷ್ಟೆ. ಗಣಿಗೆ ಹೋಗುವ ಮಕ್ಕಳು ಸಂತೋಷವಾಗಿ ಹೋಗಲಿ. ಆದರೆ ಬರಿಗೈಯಲ್ಲಿ ಹೋಗಬಾರದು. ಫಿಟ್ಟರ್ ಕೆಲಸವನ್ನೋ ವಿದ್ಯುತ್ತಿನ ಕೆಲಸವನ್ನೋ ಕಲಿತು ಹೋಗಲಿ. ಒಂದು ಗಣಿ ನಿಂತರೆ ಆ ವಿದ್ಯೆ ಇನ್ನೊಂದು ಕಡೆ ಅನ್ನ ಕೊಡುತ್ತದೆ. ಊರಿನ ಹೊಲವನ್ನು ಮಾತ್ರ ಮಾರಬೇಡಿರಿ. ಗಣಿಯಿಂದ ತೆಗೆದ ಚಿನ್ನ ಮತ್ತೆ ಬೆಳೆಯುವುದಿಲ್ಲ. ಹೊಲದಲ್ಲಿ ಜೋಳ ವರ್ಷವರ್ಷವೂ ಬೆಳೆಯುತ್ತದೆ.